ಯಜಮಾನಿಕೆಯ ಕೆಮ್ಮು

ಬಾಗಿಲು ತೆರೆದರೆ ಲಿಖಿತಾ ಪೇಡಾ ಡಬ್ಬಿ ಹಿಡಿದು ನಿಂತಿದ್ದಳು. ಮುಖದ ತುಂಬ ನಗು, ಕಂಕುಳಲ್ಲಿ ಸೋನು.

"ಬಾಯಿ ತೆಗಿ ಬೀಗಿತ್ತಿ," ಎಂದಳು. "ನಮ್ಮ ಸೋನು ಕೆಮ್ಮಿದ."

ಸಿಂಚನಾ ಬಾಯಿ ತೆರೆದಳು. ಪೇಡಾ ಒಳಗೆ ಹೋಯಿತು. ಆಮೇಲೆ ಇಬ್ಬರೂ ಸೋನುವಿನ ತಲೆ ಸವರಿ, ಲಟಿಕೆ ಮುರಿದು, ದೃಷ್ಟಿ ತೆಗೆದರು. ಬಿಳಿ ಹತ್ತಿಯ ಉಂಡೆಯಂತಿದ್ದ ಸೋನು ಇದೆಲ್ಲ ತನಗೆ ಸಲ್ಲಬೇಕಾದ ಮರ್ಯಾದೆಯೇ ಎಂಬಂತೆ ಕೂತಿದ್ದ. ಒಳಗಿನಿಂದ ಪಿಂಕಿ ಓಡಿ ಬಂದು ಅವನ ಬಾಲ ಮೂಸಿತು.

ನಾಯಿ ಕೆಮ್ಮಿದರೆ ಪೇಡಾ ಹಂಚುವುದು ಯಾವ ಊರ ಪದ್ಧತಿ ಎಂದು ಕೇಳಬೇಡಿ. ಇದು ಊರ ಪದ್ಧತಿಯಲ್ಲ, ದಾವಣಗೆರೆಯ ಹಳೇ ಹತ್ತಿ ಗಿರಣಿಯ ಹಿಂದಿನ ಎರಡು ಬೀದಿಗಳ ಪದ್ಧತಿ. ಅದು ಹುಟ್ಟಿದ್ದು ಇವರಿಬ್ಬರೂ ಹುಡುಗಿಯರಾಗಿದ್ದ ಕಾಲದಲ್ಲಿ. ಈ ಕಥೆ ನಡೆಯುವ ಹೊತ್ತಿಗೆ ಗಂಗಮ್ಮ, ಪಾರ್ವತಮ್ಮ ಎಂಬ ಅಜ್ಜಿಯರ ಕಾಲ ಮುಗಿದು, ಸಿಂಚನಾ, ಲಿಖಿತಾ ಎಂಬ ಹೆಸರಿನವರೇ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು ಎಂದರೆ ಲೆಕ್ಕ ನಿಮಗೇ ಸಿಗುತ್ತದೆ.

ಸಿಂಚನಾಳ ತಾಯಿ ರೇಖಾ ಒಂದು ದಿನ ಬಿಸ್ಕತ್ತಿನ ರಟ್ಟಿನ ಡಬ್ಬಿಯಲ್ಲಿ ಒಂದು ಹೆಣ್ಣು ಪಾಮೇರಿಯನ್ ಮರಿ ತಂದಿದ್ದಳು. ಅದಕ್ಕೆ ಪಿಂಕಿ ಎಂದು ಹೆಸರಿಟ್ಟರು. ಪಕ್ಕದ ಬೀದಿಯಲ್ಲಿ ಲಿಖಿತಾಳ ತಾಯಿ ಕವಿತಾಳ ಮನೆಯಲ್ಲಿ ಸೋನು ಇದ್ದ. ಎರಡನ್ನೂ ಜೋಡಿ ಮಾಡಿದರು, ಮರಿಗಳಾದವು, ತಾಯಂದಿರಿಬ್ಬರೂ ತಮಾಷೆಗೆ ಒಬ್ಬರನ್ನೊಬ್ಬರು ಬೀಗಿತ್ತಿ ಎಂದು ಕರೆದುಕೊಂಡರು. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಸಂಬಂಧ ಬೆಳೆಸಿದ ಮೇಲೆ ಬಿಡಬಾರದಲ್ಲ, ಪಿಂಕಿಯ ಮಗಳನ್ನು ಸೋನುವಿನ ತಮ್ಮನಿಗೆ ಕೊಟ್ಟರು, ಅದರ ಮಗಳನ್ನು ಸೋದರಮಾವನಿಗೇ ತಂದರು. 'ಮನೆಯಲ್ಲೇ ಗಂಡು ಇರುವಾಗ ಹೊರಗೆ ಯಾಕೆ ಹುಡುಕೋದು' ಎಂದು ಮನುಷ್ಯರಿಗೆ ಹೇಳುತ್ತಿದ್ದ ಮಾತನ್ನೇ ನಾಯಿಗಳಿಗೂ ಹೇಳಿದರು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ಹಾಗೆ ಪಿಂಕಿಯ ಹೆಸರು ಪಿಂಕಿಗಳಿಗೇ ಬಂತು, ಸೋನುವಿನ ಹೆಸರು ಸೋನುಗಳಿಗೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಊರಿನವರು ಇವುಗಳನ್ನು ಹತ್ತಿ ಪಾಮ್ ಎಂದೇ ಕರೆದರು.

ಇನ್ನು ಕೆಮ್ಮಿನ ವಿಷಯ. ಸಿಂಚನಾಳ ಅಜ್ಜ ಹಳೆಯ ಕಾಲದವರು. ಹೊರಗಿನಿಂದ ಬಂದರೆ ಹೊಸ್ತಿಲಲ್ಲಿ ನಿಂತು ಎರಡು ಸಲ ಕೆಮ್ಮಿ, ಒಳಗಿದ್ದ ಸೊಸೆಯಂದಿರಿಗೆ ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಕೊಟ್ಟು, ಆಮೇಲೇ ಒಳಗೆ ಬರುವವರು. ಸೊಸೆಯಂದಿರು ಚೂಡಿದಾರಕ್ಕೆ, ನೈಟಿಗೆ ಬದಲಾದ ಮೇಲೂ ಅವರು ಕೆಮ್ಮುವುದನ್ನು ಬಿಡಲಿಲ್ಲ. ಅವರು ತೀರಿಕೊಂಡ ವರ್ಷ, ಸಿಂಚನಾಳಿಗೆ ಆಗ ಹತ್ತು ವರ್ಷ, ಆರು ವರ್ಷದ ಪಿಂಕಿ ಒಂದು ಸಂಜೆ ಅಂಗಳದಿಂದ ಬಂದು ಹೊಸ್ತಿಲಲ್ಲಿ ನಿಂತಿತು. ಎರಡು ಸಲ ಕೆಮ್ಮಿತು. ಆಮೇಲೆ ಒಳಗೆ ಬಂತು. ರೊಟ್ಟಿ ತಟ್ಟುತ್ತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಕೈ ಮುಗಿದು, 'ಯಜಮಾನ್ರು ಬಂದ್ರು ನೋಡ್ರೇ' ಎಂದು ಅಳುತ್ತ ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ರೇಖಾ ಅವತ್ತು ಹೋಳಿಗೆ ಮಾಡಿದಳು.

ಮುಂದೆ ಆ ವಂಶದ ಯಾವ ನಾಯಿ ಐದಾರು ವರ್ಷಕ್ಕೆ ಕೆಮ್ಮಲು ಶುರುಮಾಡಿದರೂ ಎರಡೂ ಬೀದಿಗಳಿಗೆ ಸಿಹಿ ಹೋಗುತ್ತಿತ್ತು. ಯಜಮಾನಿಕೆ ಬಂತು, ಅಸಲಿ ವಂಶದ್ದೇ ಎಂದು ಖಾತ್ರಿಯಾಯಿತು ಎಂದು ಲೆಕ್ಕ. ಅದಾಗಿ ವರ್ಷ ತುಂಬುವುದರೊಳಗೆ ನಾಯಿ ಸಾಯುತ್ತಿತ್ತು. ದೊಡ್ಡವರಾದ ಮೇಲೆ ಹೆಚ್ಚು ದಿನ ಇರುವುದಿಲ್ಲ, ಅದು ಲೋಕರೂಢಿ ಎಂದು ಅದನ್ನೂ ಒಪ್ಪಿಕೊಂಡಿದ್ದರು. ಈಗ ಉಳಿದ ಮನೆಗಳಲ್ಲಿ ಹತ್ತಿ ಪಾಮ್‌ಗಳು ಮುಗಿದು, ಇಡೀ ದಾವಣಗೆರೆಯಲ್ಲಿ ಎರಡೇ ಉಳಿದಿದ್ದವು. ಮೂರು ವರ್ಷದ ಪಿಂಕಿ, ಮತ್ತು ಅದರ ಸೋದರಮಾವ, ಐದು ದಾಟಿದ ಈ ಸೋನು.

"ಇನ್ನ ತಡ ಮಾಡೋದು ಬ್ಯಾಡ," ಎಂದಳು ಲಿಖಿತಾ, ಸೋಫಾದ ಮೇಲೆ ಕೂತು. "ಯಜಮಾನಿಕೆ ಬಂತು. ಜೋಡಿ ಈ ತಿಂಗಳೇ ಮಾಡಿಬಿಡಾಣ. ನಾಳೆ ಮುಂಗಾಣ್ಕೆ ಮನಿಗೆ ಹೋಗಿ ಮರಿ ನೋಡ್ಕಂಡು ಬರಾಣ ಬಾ."

ಮುಂಗಾಣ್ಕೆ ಮನೆ ಎಂದರೆ ಗಿರಣಿಯ ಹಳೇ ಗೋದಾಮಿನಲ್ಲಿ ನಾಲ್ಕು ವರ್ಷದ ಹಿಂದೆ ತೆರೆದ ಪ್ರಯೋಗಶಾಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಹಿರಿಯರು ಆಡಿಕೊಳ್ಳುತ್ತಿದ್ದರು. ಇಲ್ಲಿ ಕುಲಾವಿಯ ಜೊತೆಗೆ ಕೂಸನ್ನೂ ತೋರಿಸಿಬಿಡುತ್ತಿದ್ದರು. ಗಂಡು ಹೆಣ್ಣು ಎರಡರ ಜೊಲ್ಲನ್ನೂ ಕೊಟ್ಟರೆ ಯಂತ್ರ ಅವುಗಳ ಜೀನುಗಳನ್ನು ಓದಿ, ಬೆರೆಸಿ, ಹುಟ್ಟಬಹುದಾದ ಮರಿಯ ಮೈಯನ್ನು ಜೀವಕೋಶದಿಂದ ಜೀವಕೋಶಕ್ಕೆ ಲೆಕ್ಕದಲ್ಲೇ ಬೆಳೆಸುತ್ತಿತ್ತು. ಹಿಟ್ಟು, ನೀರು, ಕಾವು ಗೊತ್ತಿದ್ದರೆ ರೊಟ್ಟಿ ಉಬ್ಬುತ್ತದೋ ಇಲ್ಲವೋ ಎಂದು ತಟ್ಟುವ ಮುಂಚೆಯೇ ಹೇಳುವ ಹಾಗೆ. ಬೆಳೆದ ಮರಿಯನ್ನು ಬೆಳಕಿನಲ್ಲಿ ಮೂಡಿಸಿ ಕೋಣೆಯ ನೆಲದ ಮೇಲೆ ಓಡಾಡಿಸುತ್ತಿದ್ದರು. ಅದರ ಬಣ್ಣ, ನಡಿಗೆ, ಬೊಗಳುವ ದನಿ ಎಲ್ಲ ಬರುತ್ತಿತ್ತು. ಯಾರನ್ನು ಹಚ್ಚಿಕೊಳ್ಳುತ್ತದೆ ಎಂಬುದು ಮಾತ್ರ ಬರುತ್ತಿರಲಿಲ್ಲ. ಮನುಷ್ಯರಿಗೆ ಇದನ್ನು ಬಳಸಬಾರದೆಂದು ಸರ್ಕಾರ ಮೊದಲೇ ಕಾನೂನು ಮಾಡಿತ್ತು. ಇಲ್ಲದಿದ್ದರೆ ಹೆಣ್ಣು ನೋಡಲು ಹೋಗುವವರು ಉಪ್ಪಿಟ್ಟು ತಿಂದು, ನೇರ ಇಲ್ಲಿಗೇ ಬಂದು ಮೊಮ್ಮಕ್ಕಳನ್ನು ನೋಡಿ, ಆಮೇಲೆ ಒಪ್ಪಿಗೆ ಹೇಳುತ್ತಿದ್ದರು.

ಮರುದಿನ ಇಬ್ಬರೂ ನಾಯಿಗಳನ್ನು ಎತ್ತಿಕೊಂಡು ಹೋದರು. ಅಲ್ಲಿನ ಡಾಕ್ಟರ್ ನುಸ್ರತ್, ಮೂವತ್ತೈದರ ಹೆಂಗಸು, ಹತ್ತಿಕಡ್ಡಿಯಿಂದ ಎರಡೂ ನಾಯಿಗಳ ಒಸಡನ್ನು ಒರೆಸಿಕೊಂಡಳು. ಸೋನುವಿನ ಎದೆಯ ಮೇಲೆ ಎರಡು ಬೆರಳಿಟ್ಟು ಬಡಿತ ನೋಡಿದಳು.

"ಇವನಿಗೆ ಕೆಮ್ಮು ಇದೆಯಾ ಆಂಟಿ?"

"ಐತಿ, ಐತಿ. ಮೊನ್ನಿಂದ," ಎಂದಳು ಲಿಖಿತಾ ಹೆಮ್ಮೆಯಿಂದ. "ತಗ, ಪೇಡಾ ತಿನ್ನು."

ನುಸ್ರತ್ ಪೇಡಾ ಕೈಯಲ್ಲಿ ಹಿಡಿದುಕೊಂಡು ಏನೋ ಹೇಳಲು ಹೋಗಿ, "ಮೊದಲು ನೋಡೋಣ ಬನ್ನಿ," ಎಂದು ಕೋಣೆಗೆ ಕರೆದೊಯ್ದಳು.

ಕೋಣೆ ಅರೆಗತ್ತಲಾಗಿತ್ತು. ನೆಲಕ್ಕೆ ಚಾಪೆ ಹಾಸಿತ್ತು. ಇಬ್ಬರೂ ಗೋಡೆಗೆ ಒರಗಿ ಕೂತರು. ಮೊದಲು ಮಂಜಿನಂಥ ಬೆಳಕು ಕಂಡಿತು, ಆಮೇಲೆ ಅದಕ್ಕೆ ಕಿವಿ ಬಂತು, ಮೂತಿ ಬಂತು, ಎರಡು ತಿಂಗಳ ಮರಿಯೊಂದು ಚಾಪೆಯ ನಡುವೆ ಒಂದು ತೊಡೆಯ ಮೇಲೆ ಓರೆಯಾಗಿ ಕೂತಿತು. ಬಲಗಿವಿ ಮೊದಲು ನಿಮಿರಿತು. ಸ್ವಲ್ಪ ತಡೆದು, ಯೋಚನೆ ಮಾಡಿದಂತೆ, ಎಡಗಿವಿ ನಿಮಿರಿತು.

"ಅವ್ವಾ," ಎಂದಳು ಸಿಂಚನಾ. ಅಂದದ್ದು ಅವಳಿಗೇ ಗೊತ್ತಾಗಲಿಲ್ಲ.

ಅದು ಬಿಸ್ಕತ್ತಿನ ಡಬ್ಬಿಯ ಪಿಂಕಿಯೇ. ಅದೇ ಓರೆ, ಅದೇ ಸೋಮಾರಿ ಎಡಗಿವಿ. ಆಮೇಲೆ ಬಂದ ಯಾವ ಪಿಂಕಿಯೂ ಇಷ್ಟು ಹತ್ತಿರ ಬಂದಿರಲಿಲ್ಲ. ಮೂಗು, ಕಿವಿ, ಬಾಲ ಎಂದು ಬೇರೆ ಬೇರೆ ಮರಿಗಳಲ್ಲಿ ಹಂಚಿಹೋದದ್ದೆಲ್ಲ ಈಗ ಒಂದರಲ್ಲೇ ಕೂಡಿ ಬಂದಿತ್ತು. ಸಿಂಚನಾಳ ಮೂಗಿಗೆ ಅವ್ವನ ಸೆರಗಿನ ಒಗ್ಗರಣೆ ವಾಸನೆ ಬಂತು. ಕರೆಂಟು ಹೋದ ಸಂಜೆಗಳಲ್ಲಿ ಕಟ್ಟೆಯ ಮೇಲೆ ಎಲ್ಲರೂ ಸಾಲಾಗಿ ಕೂತು ಮಂಡಕ್ಕಿ ತಿನ್ನುತ್ತಿದ್ದದ್ದು, ಪಿಂಕಿ ಮಂಡಕ್ಕಿಯನ್ನು ಬಿಟ್ಟು ಶೇಂಗಾ ಮಾತ್ರ ಆರಿಸುತ್ತಿದ್ದದ್ದು, ಅಪ್ಪ ಅದಕ್ಕೆ ಹುಸಿಕೋಪ ಮಾಡುತ್ತಿದ್ದದ್ದು ಎಲ್ಲ ಒಮ್ಮೆಗೇ ನೆನಪಿಗೆ ಬಂತು. ಪಕ್ಕದಲ್ಲಿ ಲಿಖಿತಾ ಆಗಲೇ ಅಳುತ್ತಿದ್ದಳು.

"ಮುಂದಿನ ವರ್ಷಗಳನ್ನ ತೋರಿಸ್ಲಾ ಆಂಟಿ?" ಎಂದಳು ನುಸ್ರತ್.

"ಏನ್ ಬ್ಯಾಡವ್ವ. ಇಷ್ಟು ನೋಡಿದ್ದೇ ಪುಣ್ಯ."

"ಎಲ್ರೂ ಇಷ್ಟಕ್ಕೇ ಎದ್ದು ಹೋಗ್ತಾರೆ," ಎಂದಳು ನುಸ್ರತ್. ಮರಿಯ ಫೋಟೊ ತೆಗೆದು ಇಬ್ಬರ ಫೋನಿಗೂ ಕಳಿಸಿದಳು. ಹೊರಡುವಾಗ ಸೋನುವಿನ ಎದೆಯ ಪರೀಕ್ಷೆ ಮಾಡಿಸಿ ಎಂದಳು. ಲಿಖಿತಾ ಹೂಂ ಎಂದಳು, ಅದು ಕೇಳಿಸಿಕೊಂಡ ಹೂಂ ಅಲ್ಲ.

ಮನೆಗೆ ಬಂದ ಮೇಲೆ ಸಿಂಚನಾ ಆ ಫೋಟೊವನ್ನು ಗಂಡ ಪ್ರಜ್ವಲನಿಗೆ ಇಪ್ಪತ್ತು ಸಲ ತೋರಿಸಿದಳು. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತನಾದ ಪ್ರಜ್ವಲ ಪ್ರತಿ ಸಲವೂ ಹಸಿರು ಬಾವುಟ ತೋರಿಸುವವನಂತೆ ತಲೆ ಆಡಿಸಿದ. ಕೊನೆಗೆ, "ಅದೇ ಆದ್ರೆ ಅದೇ. ಅದಕ್ಕೂ ಊಟ ಹಾಕು, ನನಗೂ ಹಾಕು," ಎಂದ.

ಎರಡು ದಿನ ಬಿಟ್ಟು ಅವಳು ಒಬ್ಬಳೇ ಮತ್ತೆ ಮುಂಗಾಣ್ಕೆ ಮನೆಗೆ ಹೋದಳು. ಏನೋ ಅನುಮಾನ ಬಂದು ಪರೀಕ್ಷೆ ಮಾಡಲು ಹೋದಳು ಎಂದರೆ ಸುಳ್ಳಾದೀತು. ಆಸೆಯಿಂದ ಹೋದಳು. ಮರಿಯನ್ನು ನೋಡಿ ತೃಪ್ತಿಯಾಗಿರಲಿಲ್ಲ, ದೊಡ್ಡದಾದ ಪಿಂಕಿಯೂ ಬೇಕಾಗಿತ್ತು. ಒಂದು ವರ್ಷದ ಪಿಂಕಿ ಚಪ್ಪಲಿ ಕಚ್ಚುವ ಹಾಗೆ ತಲೆ ಕೊಡವಿತು. ಮೂರರ ಪಿಂಕಿ ಚಾಪೆಯ ಅಂಚು ಹುಡುಕಿಕೊಂಡು ಕೂತಿತು. ನೋಡುತ್ತ ನೋಡುತ್ತ ಸಿಂಚನಾ ತಾನೂ ಏಳು, ಎಂಟು, ಒಂಬತ್ತಾಗುತ್ತ ಹೋದಳು.

"ಆರು ವರ್ಷಕ್ಕೆ ಹೋಗು ನುಸ್ರತ್. ಕೆಮ್ಮು ಕೇಳ್ಬೇಕು ನಂಗೆ."

ನುಸ್ರತ್ ತಿರುಗಿ ನೋಡಿದಳು. "ಕೇಳ್ಬೇಕಾ? ಯಾಕೆ ಆಂಟಿ?"

"ನಮ್ಮಜ್ಜ ಹಂಗೆ ಕೆಮ್ಮೋರು."

ನುಸ್ರತ್ ಗುಂಡಿ ತಿರುಗಿಸಿದಳು. ಬೆಳಕಿನ ಪಿಂಕಿ ಸ್ವಲ್ಪ ದಪ್ಪಗಾಯಿತು. ನಾಲ್ಕು ಹೆಜ್ಜೆ ನಡೆದು ನಿಂತಿತು. ಕತ್ತು ಮುಂದೆ ಚಾಚಿ ಎರಡು ಸಲ ಕೆಮ್ಮಿತು. ಅದೇ, ಅದೇ. ಸಿಂಚನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬಂತು. ಐವತ್ತು ವರ್ಷದ ಹಿಂದಿನ ಹೊಸ್ತಿಲು, ಅಜ್ಜಿಯ ಹಿಟ್ಟಿನ ಕೈ, ಎಲ್ಲ ಕಣ್ಣೆದುರಿಗೇ ಇತ್ತು.

"ಆಂಟಿ, ಒಳಗಡೇನೂ ತೋರಿಸ್ತೀನಿ, ನೋಡಿ," ಎಂದಳು ನುಸ್ರತ್ ಮೆಲ್ಲಗೆ. ಬಿಳಿ ತುಪ್ಪಳ ತಿಳಿಯಾಗಿ ಎದೆಯ ಗೂಡು ಕಂಡಿತು. "ಇದು ಹೃದಯ. ಇಲ್ಲೊಂದು ಕವಾಟ ಇದೆ, ಬಾಗಿಲು ಅನ್ಕೊಳ್ಳಿ. ರಕ್ತ ಮುಂದೆ ಹೋದ ಮೇಲೆ ಮುಚ್ಕೋಬೇಕು. ಇದರದ್ದು ಪೂರ್ತಿ ಮುಚ್ತಾ ಇಲ್ಲ, ರಕ್ತ ವಾಪಸ್ ಬರ್ತಿದೆ. ಅದನ್ನ ತಾಳಿಕೊಳ್ಳೋಕೆ ಹೃದಯ ಊದಿಕೊಂಡು ಮೇಲಿರೋ ಉಸಿರಿನ ಕೊಳವೆನ ಒತ್ತುತ್ತೆ. ಕೆಮ್ಮು ಅಲ್ಲಿಂದ ಬರೋದು, ಗಂಟಲಿಂದ ಅಲ್ಲ. ಇನ್ನು ಸ್ವಲ್ಪ ದಿನ ಮುಂದೆ ಹೋದ್ರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತೆ. ಮಲಗಿದ್ರೆ ಉಸಿರು ಕಟ್ಟುತ್ತೆ, ಅದಕ್ಕೆ ಕೂತೇ ಇರ್ತಾವೆ."

ಸಿಂಚನಾಳ ನಗು ಮುಖದಲ್ಲೇ ಉಳಿದುಬಿಟ್ಟಿತ್ತು, ಅದನ್ನು ತೆಗೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಕೂತೇ ಇರ್ತಾವೆ. ಹೌದು. ಯಜಮಾನಿಕೆ ಬಂದ ಪಿಂಕಿಗಳೆಲ್ಲ ಕೊನೆಗೆ ಮುಂಗಾಲು ಅಗಲಿಸಿಕೊಂಡು ಹೊಸ್ತಿಲಲ್ಲಿ ಕೂತೇ ಇರುತ್ತಿದ್ದವು. ಮನೆ ಕಾಯ್ತಾವೆ, ಯಜಮಾನರಲ್ಲವೇ ಎಂದು ಇವರು ಹೇಳಿಕೊಳ್ಳುತ್ತಿದ್ದರು.

"ಎಲ್ಲದಕ್ಕೂ ಹಿಂಗೇ ಆಗಿತ್ತೇನು?"

"ತಂದೆ ತಾಯಿ ಇಬ್ಬರಿಂದಲೂ ಅದೇ ಕೆಟ್ಟ ಜೀನು ಬಂದ್ರೆ ಹೀಗಾಗುತ್ತೆ. ಒಂದೇ ಕಡೆಯಿಂದ ಬಂದ್ರೆ ಏನೂ ಆಗಲ್ಲ. ನಿಮ್ಮಲ್ಲಿ ಎರಡೂ ಕಡೆ ಒಂದೇ ಮನೆ ಅಲ್ವಾ ಆಂಟಿ."

"ಸೋನುಗೆ?"

"ಅವನಿಗೆ ಶುರುವಾಗಿದೆ. ಮಾತ್ರೆ ಕೊಟ್ರೆ ಎರಡು ವರ್ಷ ಆರಾಮಾಗಿರ್ತಾನೆ."

"ಹೊಸ ಮಾತ್ರೆನಾ?"

ನುಸ್ರತ್ ಬೆಳಕಿನ ಪಿಂಕಿಯನ್ನು ಆರಿಸಿದಳು. "ಇಲ್ಲ ಆಂಟಿ. ನೀವು ಚಿಕ್ಕವರಿದ್ದಾಗಲೂ ಇತ್ತು."

ಮನೆಗೆ ಬಂದು ಸಿಂಚನಾ ಕಟ್ಟೆಯ ಮೇಲೆ ಕೂತಳು. ಪಿಂಕಿ ತೊಡೆಯೇರಿ ಕೂತಾಗ ಅದರ ಎದೆಗೆ ಕಿವಿ ಹಚ್ಚಿದಳು. ಮೂರು ವರ್ಷದ ಎದೆ, ಚೆನ್ನಾಗಿಯೇ ಬಡಿಯುತ್ತಿತ್ತು. ಇದಕ್ಕೂ ಮೂರು ವರ್ಷ ಕಳೆದರೆ ಕೆಮ್ಮು ಬರುತ್ತದೆ, ಮಾತ್ರೆ ಬೇಕಾಗುತ್ತದೆ ಎಂದು ನುಸ್ರತ್ ಹೇಳಿ ಕಳಿಸಿದ್ದಳು. ಲಿಖಿತಾಳಿಗೆ ಹೇಳಬೇಕು. ಹೇಳದಿದ್ದರೆ ಸೋನು ಸಾಯುತ್ತಾನೆ. ಹೇಳಿದರೆ ಜೋಡಿ ಮುರಿಯುತ್ತದೆ, ಅದರ ಜೊತೆಗೆ ಐವತ್ತು ವರ್ಷದ ಬೀಗತನವೂ. ಲಿಖಿತಾ ಅವಳಿಗೆ ರಕ್ತಸಂಬಂಧಿಯಲ್ಲ, ಜೊತೆಗೆ ಓದಿದವಳೂ ಅಲ್ಲ. ನಾಯಿಗಳಿಂದ ಬಂದ ನಂಟು, ಆದರೆ ಸಿಂಚನಾಳ ಬಾಣಂತನಕ್ಕೆ ಬಂದು ನಿಂತವಳು ಅವಳೇ, ಅವ್ವ ಹೋದಾಗ ಇವಳ ತಲೆಯನ್ನು ಎದೆಗೊತ್ತಿಕೊಂಡು ಕೂತವಳೂ ಅವಳೇ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ನೀನೇ ಹೇಳು," ಎಂದ ರಾತ್ರಿ ವಿಷಯ ಕೇಳಿದ ಪ್ರಜ್ವಲ. "ಬ್ಯಾರೆಯವರ ಬಾಯಿಂದ ಕೇಳಿದ್ರೆ ಇನ್ನೂ ಕೆಟ್ಟ."

ಲಿಖಿತಾ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಸಿಂಚನಾ ಹೋದಾಗ ಹಸಿರು ರೇಷ್ಮೆಯ ತುಂಡಿಗೆ ಜರಿಯಂಚು ಹಚ್ಚುತ್ತಿದ್ದಳು. ಪಿಂಕಿಯ ಮದುವೆಯ ಕುಪ್ಪಸವಂತೆ. ಸೋನು ಕಾಲ ಬಳಿ ಮಲಗಿ ನಡುನಡುವೆ ಕೆಮ್ಮುತ್ತಿದ್ದ, ಪ್ರತಿ ಕೆಮ್ಮಿಗೂ ಲಿಖಿತಾ, "ಬಂದೆ ಯಜಮಾನ್ರೆ," ಎನ್ನುತ್ತಿದ್ದಳು.

ಸಿಂಚನಾ ನಿಂತೇ ಎಲ್ಲವನ್ನೂ ಹೇಳಿದಳು. ಮೂವತ್ತು ವರ್ಷ ಗಣಿತ ಕಲಿಸಿದವಳು, ಒಂದೊಂದೇ ಹೆಜ್ಜೆ ಬಿಡಿಸಿ ಹೇಳುವುದು ರೂಢಿ. ಕವಾಟ, ನೀರು, ಎರಡು ಕಡೆಯ ಜೀನು, ಮಾತ್ರೆ. ಲಿಖಿತಾ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

"ಅಂದ್ರೆ ನಾವು ಸಾವಿಗೆ ಸಿಹಿ ಹಂಚಿವಿ ಅಂತೀಯೇನು?"

ಸಿಂಚನಾ ಬಗ್ಗಿ ಸೋನುವಿನ ತಲೆ ಸವರಿದಳು.

"ನಿಮ್ಮವ್ವ ಹೋಳಿಗಿ ಮಾಡಿದ್ಲು. ನಮ್ಮವ್ವ ಬೀದಿಗೆಲ್ಲ ಪೇಡಾ ಕೊಟ್ಲು. ಅವರಿಗೆ ನಾಯಿ ಮ್ಯಾಲ ಪ್ರೀತಿ ಇರ್ಲಿಲ್ಲೇನು? ಕೈಯಾರೆ ಉಣಿಸಿದ್ರು ಅವರು. ಆ ಯಂತ್ರಕ್ಕೇನು ಗೊತ್ತು? ಅದು ನಮ್ಮವ್ವನ್ನ ನೋಡೈತೇನು?"

"ಪ್ರೀತಿ ಇರ್ಲಿಲ್ಲ ಅಂತ ನಾನೆಲ್ಲಿ ಅಂದೆ? ಗೊತ್ತಿರ್ಲಿಲ್ಲ ಅಂದೆ."

"ಎರಡೂ ಒಂದೇ ಆತು ಬಿಡು. ಬ್ಯಾರೆ ಗಂಡು ನೋಡೀಯೇನು ಪಿಂಕಿಗೆ?"

ಸಿಂಚನಾ ನೋಡಿದ್ದಳು. ಸುಳ್ಳು ಹೇಳಲು ಬರಲಿಲ್ಲ. ಮಂಡಕ್ಕಿ ಭಟ್ಟಿಯ ಹತ್ತಿರ ಕೆಂಚ ಎಂಬ ಬೀದಿ ನಾಯಿ ಇತ್ತು. ಕಂದು ಬಣ್ಣ, ಸಣ್ಣ ಮೈಕಟ್ಟು, ಬೆಂಕಿಯ ಕಾವಿಗೆ ಮೈಯೊಡ್ಡಿ ಬಿದ್ದಿರುವ ಅಭ್ಯಾಸ. ಪಿಂಕಿ ಕಾಂಪೌಂಡಿನ ಸಂದಿಯಲ್ಲಿ ಮೂಗು ತೂರಿಸಿ ಅವನ ಜೊತೆ ತಾಸುಗಟ್ಟಲೆ ನಿಲ್ಲುತ್ತಿತ್ತು. ಅವನ ಜೀನಾದರೆ ಕೆಮ್ಮು ಬರುವುದಿಲ್ಲ, ಲ್ಯಾಬಿನಲ್ಲಿ ಜೀನನ್ನು ಎಷ್ಟು ತಿದ್ದಿದರೂ ಇದಕ್ಕಿಂತ ಸುಲಭದ ಔಷಧಿ ಇಲ್ಲ ಎಂದು ನುಸ್ರತ್ ಹೇಳಿದ್ದಳು. ಅವಳೇ ಒಂದು ಬನ್ನಿನ ಆಸೆ ತೋರಿಸಿ ಕೆಂಚನ ಜೊಲ್ಲು ತೆಗೆದುಕೊಂಡೂ ಆಗಿತ್ತು.

"ಭಟ್ಟಿ ಕೆಂಚ," ಎಂದಳು ಸಿಂಚನಾ.

ಲಿಖಿತಾ ಹಸಿರು ಕುಪ್ಪಸವನ್ನು ಮಡಿಸಿ ಡ್ರಾಯರಿನಲ್ಲಿಟ್ಟಳು. "ಹೋಗಿ ಬಾರವ್ವ," ಎಂದಳು. ಬೀಗಿತ್ತಿ ಎನ್ನಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಎರಡು ಬೀದಿಗಳ ನಡುವೆ ಇದ್ದದ್ದು ಒಂದು ತಿರುವು ಅಷ್ಟೇ, ಅದನ್ನು ಇಬ್ಬರೂ ದಾಟಲಿಲ್ಲ. ಸಿಂಚನಾಳಿಗೆ ಜಗಳಕ್ಕಿಂತ ಹೆಚ್ಚು ನೋವಾಗಿದ್ದು ಬೇರೆಯೇ. ಬಾಲ್ಯದ ಯಾವ ನೆನಪು ತೆಗೆದರೂ ಅದರ ಕೊನೆಗೆ ಒಂದು ಕೆಮ್ಮು ಇತ್ತು, ಈಗ ಆ ಕೆಮ್ಮಿನ ಅರ್ಥ ಗೊತ್ತಾಗಿತ್ತು. ಅವ್ವ ಹೋಳಿಗೆ ಬಡಿಸುತ್ತಿದ್ದಾಳೆ, ಎಲ್ಲರೂ ನಗುತ್ತಿದ್ದಾರೆ, ಪಿಂಕಿ ಹೊಸ್ತಿಲಲ್ಲಿ ಉಸಿರಿಗಾಗಿ ಕೂತಿದೆ. ಅವ್ವನ ಮೇಲೆ ಸಿಟ್ಟು ಮಾಡಲು ಹೋದರೆ ಸಿಟ್ಟು ಬರಲಿಲ್ಲ, ಅವ್ವ ಬೇಕು ಎನಿಸಿತು. ಲಿಖಿತಾಳಿಗೂ ಹೀಗೇ ಆಗಿರಬೇಕು ಎಂದುಕೊಂಡಳು. ಅವಳ ಕೈಗೆ ಮಾತ್ರೆಯ ಹೆಸರು ಸಿಗಲಿ ಎಂದು ಫೋನಿಗೆ ಕಳಿಸಿದ್ದಳು. ಲಿಖಿತಾ ನೋಡಿದ್ದಳು, ಉತ್ತರ ಬರೆದಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು, ಒಂದು ಬೆಳಿಗ್ಗೆ ಲಿಖಿತಾ ಬಂದಳು. ತಲೆ ಬಾಚಿರಲಿಲ್ಲ. ಕೈಯಲ್ಲಿ ಸೋನು.

"ಮಲಗ್ತಿಲ್ಲ ಇವ," ಎಂದಳು. "ಮೊನ್ನಿಂದ ಕುಂತೇ ಅದಾನ. ಹೊಸ್ತಿಲ ಮ್ಯಾಲೆ."

ಸಿಂಚನಾ ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರೂ ಆಟೋ ಹತ್ತಿದರು. ಸೋನುವಿನ ಪಕ್ಕೆ ಗಾಳಿಯೂದುವ ತಿದಿಯಂತೆ ಆಡುತ್ತಿತ್ತು. ಲಿಖಿತಾ ಅವನ ಗಲ್ಲಕ್ಕೆ ಅಂಗೈ ಕೊಟ್ಟು ತಲೆ ಎತ್ತಿ ಹಿಡಿದಿದ್ದಳು.

ನುಸ್ರತ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನೀರಿಳಿಸುವ ಇಂಜೆಕ್ಷನ್ ಕೊಟ್ಟು, ಮೂತಿಗೆ ಆಮ್ಲಜನಕದ ಬಟ್ಟಲು ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಸೋನು ಎರಡು ಸಲ ಉಚ್ಚೆ ಹೊಯ್ದು, ಬೆಂಚಿನ ಮೇಲೆ ಪಕ್ಕಕ್ಕೆ ವಾಲಿ, ಕಾಲು ಚಾಚಿ ಮಲಗಿಬಿಟ್ಟ. ಲಿಖಿತಾ ಅವನ ಹೊಟ್ಟೆ ಏರಿ ಇಳಿಯುವುದನ್ನೇ ನೋಡುತ್ತ ಕೂತಳು.

"ಒಂದು ಇಂಜೆಕ್ಷನ್ನು," ಎಂದಳು. "ಇಷ್ಟೇ ಆಗಿತ್ತೇನು ಇದು."

ನುಸ್ರತ್ ಬಳಸಿದ ಸೂಜಿಯನ್ನು ಡಬ್ಬಿಗೆ ಹಾಕಿದಳು.

"ನನ್ನ ಮದುವ್ಯಾಗ ಒಂದು ಸೋನು ಇತ್ತಲ್ಲ, ನೆನಪೈತಾ? ಚಪ್ಪರದ ತುಂಬ ಕೆಮ್ಮಿಕೋತ ಅಡ್ಡಾಡ್ತಿತ್ತು. ಬೀಗರೆಲ್ಲ ನಕ್ಕು ನಕ್ಕು ಸಾಕಾದ್ರು. ನಾನೂ ನಕ್ಕೆ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನಂಗೆ ಬ್ಯಾಸರ ಆಗಿದ್ದು ನಿನ್ನ ಮ್ಯಾಲೆ ಅಲ್ಲ."

"ಗೊತ್ತು."

"ಆ ಕೆಂಚನ ಮರಿ ತೋರ್ಸು ನುಸ್ರತ್. ನೋಡೇಬಿಡಾಣ."

ಸಿಂಚನಾ ಕೂಡ ಅದನ್ನು ಇನ್ನೂ ನೋಡಿರಲಿಲ್ಲ, ಒಬ್ಬಳೇ ನೋಡಲು ಮನಸ್ಸಾಗಿರಲಿಲ್ಲ. ಮಲಗಿದ ಸೋನುವನ್ನು ಹಾಗೇ ಎತ್ತಿಕೊಂಡು ಮೂವರೂ ಕೋಣೆಗೆ ಹೋದರು. ಚಾಪೆಯ ಮೇಲೆ ಮೂಡಿದ ಮರಿ ಒಂದು ಕ್ಷಣವೂ ಕೂರಲಿಲ್ಲ. ಕೊಳಕು ಬಿಳುಪು ಮೈ, ಕಂದು ಮೂತಿ, ಬೆನ್ನ ಮೇಲೆ ಚಹಾ ಚೆಲ್ಲಿದಂಥ ಮಚ್ಚೆ. ಕಿವಿಗಳೆರಡೂ ಒಟ್ಟಿಗೇ ನಿಮಿರಿದವು. ಸಿಂಚನಾ ಎಡಗಿವಿಗಾಗಿ ಕಾದಳು, ಅದು ತಡವಾಗಲಿಲ್ಲ. ಎದೆಯೊಳಗೆ ಏನೋ ಒಂದು ಮುಗಿದುಹೋದ ಹಾಗಾಯಿತು. ಬಿಸ್ಕತ್ತಿನ ಡಬ್ಬಿಯ ಪಿಂಕಿ ಇನ್ನು ಬರುವುದಿಲ್ಲ.

"ಮೂತಿ ನೋಡು, ಭಟ್ಟಿಯ ಮಸಿ ಹತ್ತಿದಂಗೈತಿ," ಎಂದಳು ಲಿಖಿತಾ. "ಬಾಲ ಅಂತೂ ದೇವ್ರಿಗೇ ಪ್ರೀತಿ. ಹೂಂ, ಮುಂದೆ ಹೋಗವ್ವ."

ಎರಡು ವರ್ಷ, ನಾಲ್ಕು ವರ್ಷ. ಕಾಲುಗಳು ಉದ್ದವಾದವು. ಆರಕ್ಕೆ ಬಂದಾಗ ಇಬ್ಬರೂ ಉಸಿರು ಬಿಗಿ ಹಿಡಿದರು. ನಾಯಿ ನಡೆದು ಬಂತು, ನಿಂತಿತು, ಅವರತ್ತ ನೋಡಿತು, ಆಕಳಿಸಿತು. ಅಷ್ಟೇ. ಎಂಟು. ಒಂಬತ್ತು. ಈ ವಂಶದ ಯಾವ ನಾಯಿಯೂ ಒಂಬತ್ತನ್ನು ಕಂಡಿರಲಿಲ್ಲ. ಹತ್ತು ದಾಟಿದ ಮೇಲೆ ತೋರುತ್ತಿದ್ದದ್ದೆಲ್ಲ ಅವರಿಗೆ ಹೊಸದು. ಮೂತಿಯ ಕಂದು ತಿಳಿಯಾಗುತ್ತ ಬಂತು. ಬೆನ್ನು ಸ್ವಲ್ಪ ಬಾಗಿತು. ಹದಿನಾಲ್ಕಕ್ಕೆ ಬಂದಾಗ ಚಾಪೆಯ ಮೇಲೆ ಒಂದು ಮುದಿ ನಾಯಿ ಮಲಗಿತ್ತು. ಏಳಲು ನೋಡಿತು, ಹಿಂಗಾಲು ಜಾರಿತು, ಮತ್ತೊಮ್ಮೆ ನೋಡಿ ಎದ್ದಿತು. ಕಣ್ಣುಗಳಲ್ಲಿ ನೀಲಿ ಮಂಜು ಕಟ್ಟಿತ್ತು. ಮೂಗಿನಿಂದ ದಾರಿ ಹುಡುಕುತ್ತ ನಾಲ್ಕು ಹೆಜ್ಜೆ ಬಂದು, ಸುಸ್ತಾದವರಂತೆ ನಿಂತು, ಎರಡು ಸುತ್ತು ಸುತ್ತಿ ಮಲಗಿತು. ಅದರ ಉಸಿರಿನ ಸದ್ದೇ ಇರಲಿಲ್ಲ.

"ಕಣ್ಣಿಗೆ ಪೊರೆ ಬಂದಿದೆ, ಸೊಂಟದ ಕೀಲು ಸವೆದಿದೆ," ಎಂದಳು ನುಸ್ರತ್, ತನ್ನದೇ ತಪ್ಪೇನೋ ಎನ್ನುವ ದನಿಯಲ್ಲಿ. "ಇದಕ್ಕೆ ಏನೂ ಮಾಡೋಕಾಗಲ್ಲ ಆಂಟಿ. ಕಾಯಿಲೆ ಅಲ್ಲ, ವಯಸ್ಸು."

ಲಿಖಿತಾ ಮುಂದಕ್ಕೆ ಬಾಗಿ ಆ ಬೆಳಕಿನ ಮುದಿ ಮುಖವನ್ನು ಬಹಳ ಹೊತ್ತು ನೋಡಿದಳು.

"ಐವತ್ತು ವರ್ಷ ಸಾಕಿವಿ," ಎಂದಳು. "ಒಂದಕ್ಕೂ ಮುಪ್ಪು ಬಂದಿದ್ದು ನೋಡ್ಲಿಲ್ಲಲ್ಲೇ ನಾವು."

ಸಿಂಚನಾಳಿಗೆ ಅಳು ತಡೆಯಲಾಗಲಿಲ್ಲ. ತಡೆಯಲು ನೋಡಲೂ ಇಲ್ಲ. ಪಿಂಕಿ ಮುದುಕಿಯಾದರೆ ಹೀಗಿರುತ್ತಿತ್ತು. ಎಂಟೂ ಪಿಂಕಿಗಳು ಹೀಗೆ ಬೆಳ್ಳಗಾಗಿ, ಕಣ್ಣು ಮಂಜಾಗಿ, ಗೋಡೆಗೆ ಮೂತಿ ತಾಗಿಸಿಕೊಂಡು ಬಯ್ಯಿಸಿಕೊಳ್ಳಬಹುದಿತ್ತು. ಅವ್ವನ ಕಾಲ ಬಳಿ ಬಿದ್ದುಕೊಂಡು ಅವಳನ್ನು ಎಡವಿಸಬಹುದಿತ್ತು.

"ಏ ಗಣಿತದ ಮೇಡಂ," ಎಂದಳು ಲಿಖಿತಾ ಸ್ವಲ್ಪ ಹೊತ್ತಿನ ಮೇಲೆ. "ಇದಕ್ಕೆ ಹದಿನಾಕಾದಾಗ ನಮಗೆಷ್ಟು?"

"ಎಪ್ಪತ್ತಾರು."

"ಕುರುಡು ನಾಯಿ, ಸೊಂಟ ಬ್ಯಾರೆ ಇಲ್ಲ. ಎತ್ತಿ ಅಂಗಳಕ್ಕೆ ಬಿಡ್ಬೇಕು, ಮತ್ತೆ ಒಳಗೆ ತರ್ಬೇಕು." ಲಿಖಿತಾ ತನ್ನ ಮೊಣಕಾಲನ್ನು ಒತ್ತಿಕೊಂಡಳು. "ಇಷ್ಟು ವರ್ಷ ಅವನ್ನ ನಾವೇ ಕಳಿಸಿಕೊಟ್ವಿ. ಇದನ್ನ ನೋಡ್ಕಳಾಕೆ ನಾವಿರ್ತೀವೇನೇ ಬೀಗಿತ್ತಿ?"

ಸಿಂಚನಾ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದ ಸೋನುವಿನ ಬೆನ್ನ ಮೇಲೆ ಕೈಯಿಟ್ಟಳು.

"ಇರ್ಬೇಕಾಗ್ತೈತಿ," ಎಂದಳು.